ಧರೆಯ ನೀರು, ಜಡ್ಡಿಯ ನೀರು

ಕಪ್ಪೆ, ಹಾವು, ಓತಿಗಳನ್ನು ನೋಡಬೇಕೆಂದು ಮಲೆನಾಡಿಗೆ ಬರುವವರು ಹೆಚ್ಚಾಗಿ ಜೂನ್ ತಿಂಗಳ ಮೊದಲ ಮಳೆಯನ್ನೇ ಆರಿಸಿಕೊಳ್ಳುತ್ತಾರೆ. ಆ ಆಯ್ಕೆಗೆ ಕಾರಣವಿದೆ. ಕೆರೆಯ ಮೇಲೆ ಬಾಗಿದ ಟೊಂಗೆಗಳಲ್ಲಿ ಹಾರುಗಪ್ಪೆಗಳು ನೊರೆಗೂಡು ಕಟ್ಟುವುದು ಆಗಲೇ, ಒಂದೇ ರಾತ್ರಿಯಲ್ಲಿ ಗದ್ದೆಬಯಲು ಪೂರಾ ಕಪ್ಪೆಗಳ ಕೂಗಿನಿಂದ ತುಂಬಿಹೋಗುವುದೂ ಆಗಲೇ. ಆದರೆ ನನ್ನನ್ನು ಕೇಳಿದರೆ ಹುಬ್ಬೆ ಮಳೆಯ ಕೊನೆಯ ದಿನಗಳನ್ನು ಹೇಳುತ್ತೇನೆ, ಅಂದರೆ ಸೆಪ್ಟೆಂಬರ್ ಎರಡನೇ ವಾರದ ಆಸುಪಾಸು. ನಮ್ಮ ಸಿದ್ದಾಪುರದ ಕಡೆ ಆಗ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಆದರೂ ಬೆಳಗಿನಲ್ಲಿ ಒಂದೆರಡು ತಾಸು ಬಿಸಿಲು ಬೀಳುತ್ತದೆ. ಹಳ್ಳದ ಕೆಂಪು ಇಳಿದು ಕಲ್ಲುಗಳ ತಲೆ ಹೊರಗೆ ಬಂದಿರುತ್ತದೆ. ಬಿಸಿಲು ಬೇಕಾದವಕ್ಕೆ ಬಿಸಿಲು, ಹರಿಯುವ ನೀರು ಬೇಕಾದವಕ್ಕೆ ಹರಿಯುವ ನೀರು, ಬರೀ ತೇವ ಸಾಕು ಎನ್ನುವವಕ್ಕೆ ತೇವ. ಇವೆಲ್ಲ ಒಂದೇ ದಿನದ ನಡಿಗೆಯೊಳಗೆ ಸಿಗುವುದು ವರ್ಷದಲ್ಲಿ ಈ ಕೆಲವು ದಿನ ಮಾತ್ರ.

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ಅಣ್ಣನ ಮಗಳು ಈ ಸಲ ಹುಬ್ಬೆಗೆ ಊರಿಗೆ ಬಂದಿದ್ದಳು. ಅವಳ ಕೈಯಲ್ಲೊಂದು ಪಟ್ಟಿ. ನೋಡಲೇಬೇಕಾದ ಜೀವಿಗಳ ಹೆಸರು, ಪಕ್ಕದಲ್ಲಿ ಗುರುತು ಹಾಕಲು ಖಾಲಿ ಚೌಕ. “ಅತ್ತೆ, ಎಲ್ಲಿಂದ ಶುರು ಮಾಡೋದು?” ಎಂದಳು. ಈ ಪಟ್ಟಿ ಇರಲಿ, ಅದರ ಪಕ್ಕ ಇನ್ನೊಂದು ಬರೆದುಕೊಳ್ಳುತ್ತ ಬಾ ಎಂದೆ: ನಾವು ದಾಟುವ ಒಂದೊಂದು ನೀರನ್ನೂ. ತೋಟ, ಬೆಟ್ಟ, ಹಳ್ಳ ಎಂದು ಇಷ್ಟು ವರ್ಷ ತಿರುಗಿ ನಾನು ಕಲಿತದ್ದರಲ್ಲಿ ಇನ್ನೊಬ್ಬರಿಗೆ ಕೊಡಬಹುದಾದದ್ದು ಅದೇ. ಪ್ರಾಣಿಯನ್ನೇ ಹುಡುಕುತ್ತ ಹೋದರೆ ದಿನವಿಡೀ ಸೊಪ್ಪು ಸರಿಸುತ್ತಿರಬೇಕಾಗುತ್ತದೆ. ಅದಕ್ಕೆ ಎಷ್ಟು ತೇವ ಬೇಕು, ಯಾವ ಹೊತ್ತಿನಲ್ಲಿ ಬೇಕು ಎಂಬುದು ತಿಳಿದರೆ ಎಲ್ಲಿ ಹೋಗಿ ನಿಲ್ಲಬೇಕು ಎಂಬುದು ಗೊತ್ತಾಗುತ್ತದೆ.

ಬಿಸಿಲು ಅಡಿಕೆ ಮರದ ಅರ್ಧಕ್ಕೆ ಇಳಿಯುವ ಹೊತ್ತಿಗೆ ತೋಟದಲ್ಲಿದ್ದೆವು. ಹಾರುವ ಓತಿಗೆ ಇದು ಸರಿಯಾದ ವೇಳೆ. ಮೈ ಕಾಯಿಸಿಕೊಳ್ಳಲು ಅದು ಬಿಸಿಲು ಬಿದ್ದ ಕಾಂಡಕ್ಕೆ ಬರುತ್ತದೆ. ಕಾಂಡದ ಮೇಲಿನ ಕಲ್ಲುಹೂವಿನ ಬಣ್ಣವೂ ಅದರ ಮೈಬಣ್ಣವೂ ಒಂದೇ ಆದ್ದರಿಂದ ಒಂದು ಮರವನ್ನು ದಿಟ್ಟಿಸಿ ನೋಡಿದವರಿಗೆ ಏನೂ ಕಾಣದು. ನೋಟವನ್ನು ನಾಲ್ಕಾರು ಮರಗಳ ಮೇಲೆ ಸಡಿಲವಾಗಿ ಬಿಟ್ಟು ನಿಲ್ಲಬೇಕು. ಗಂಡು ತನ್ನ ಗಂಟಲಿನ ಹಳದಿ ಚೀಲವನ್ನು ಬಿಚ್ಚಿ ಮಡಚಿದಾಗ ಆ ಹಳದಿ ಕಣ್ಣಂಚಿಗೆ ತಗಲುತ್ತದೆ. ಹಾಗೆಯೇ ಸಿಕ್ಕಿತು. ನೋಡನೋಡುತ್ತ ಪಕ್ಕೆಲುಬುಗಳನ್ನು ಚಾಚಿ, ಅವುಗಳ ಮೇಲಿನ ಚರ್ಮವನ್ನು ಬಿಚ್ಚಿ, ಆಚೆಯ ಮರಕ್ಕೆ ತೇಲಿಹೋಗಿ, ತಲೆ ಮೇಲೆ ಮಾಡಿ ಕೂತುಬಿಟ್ಟಿತು. ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದಾಗಿನಿಂದ ಹಾರುವ ಓತಿಯೆಂದರೆ ದಟ್ಟ ಕಾಡಿನ ಒಳಗೆಲ್ಲೋ ಇರುವ ಪ್ರಾಣಿ ಎಂಬ ಭಾವನೆ ಅನೇಕ ಓದುಗರಲ್ಲಿ ಉಳಿದಿದೆ. ನಮ್ಮಲ್ಲಿನ ಡ್ರ್ಯಾಕೊ ಡಸ್ಸುಮಿಯೇರಿ ಅಡಿಕೆ ತೋಟದಲ್ಲೇ ಸುಖವಾಗಿದೆ. ಇರುವೆ ಹರಿದಾಡುವ ಕಾಂಡ ಅದಕ್ಕೆ ಬೇಕು. ಹೆಣ್ಣಿಗೆ ಮೊಟ್ಟೆಯಿಡುವಾಗ ಮಾತ್ರ ಕೆಳಗಿಳಿದು ತೋಡಿಕೊಳ್ಳಲು ಸಡಿಲವಾದ, ಹಸಿ ಉಳಿದ ಮಣ್ಣು ಬೇಕು. ಕಳೆನಾಶಕ ಹೊಡೆದು ನೆಲ ಗಟ್ಟಿಯಾದ ತೋಟದಲ್ಲಿ ಆ ಮಣ್ಣು ಸಿಗುವುದಿಲ್ಲ.

ಬಸಿಗಾಲುವೆಯ ಅಂಚಿನಲ್ಲಿ ಕೊಳೆಯುತ್ತ ಬಿದ್ದ ಅಡಿಕೆ ಹಾಳೆಗಳನ್ನು ಎತ್ತಿ ನೋಡಿದೆವು. ಎತ್ತುವುದಕ್ಕೊಂದು ಕ್ರಮವಿದೆ. ಬರಿಗೈ ಹಾಕಬಾರದು, ತುದಿ ಬಾಗಿದ ಕೋಲಿನಿಂದ ಹಾಳೆಯ ಆಚೆ ಅಂಚನ್ನು ಹಿಡಿದು ನಮ್ಮ ಕಡೆಗೆ ಎತ್ತಬೇಕು. ಆಗ ಅಡಿಯಲ್ಲಿ ಏನೇ ಇದ್ದರೂ ನಮ್ಮ ಕಾಲಿಗೂ ಅದಕ್ಕೂ ನಡುವೆ ಹಾಳೆ ಅಡ್ಡ ನಿಲ್ಲುತ್ತದೆ, ಅದಕ್ಕೂ ಆಚೆಗೆ ಓಡಲು ದಾರಿ ತೆರೆದಿರುತ್ತದೆ. ನೋಡಿಯಾದ ಮೇಲೆ ಇದ್ದ ಹಾಗೆಯೇ ಮುಚ್ಚಬೇಕು. ಹಾಳೆಯ ಅಡಿ ಆ ಹದದ ತೇವ ಕೂಡಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಒಣಗಲು ಒಂದು ಮಧ್ಯಾಹ್ನದ ಬಿಸಿಲು ಸಾಕು.

ಒಂದು ಹಾಳೆಯ ಅಡಿ ಉಂಗುರ ಉಂಗುರವಾದ ಮೈ, ಪಕ್ಕದುದ್ದಕ್ಕೂ ಹಳದಿ ಪಟ್ಟೆ. ಇಕ್ತಿಯೋಫಿಸ್ ಕುಲದ ಸಿಸಿಲಿಯನ್. ಕಾಲಿಲ್ಲದಿದ್ದರೂ ಇದು ಕಪ್ಪೆಗಳ ಬಳಗದ ಉಭಯಚರಿ. ಸೊಪ್ಪು ಹಾಕುತ್ತಿದ್ದ ಹಿರಿಯರೊಬ್ಬರು ಬಂದು ಬಗ್ಗಿ ನೋಡಿದರು.

“ಹಾವಿನ ಮರಿ ಅಲ್ವೇನ್ರಾ ಅಮ್ಮ?”

ಅಣ್ಣನ ಮಗಳು ಅವರಿಗೆ ತೋರಿಸಿದಳು: “ಅಜ್ಜ, ಹಾವಿನ ಮೈ ಒಣಗಿರ್ತದೆ, ಇದರದ್ದು ನೋಡಿ ಹೇಗೆ ಒದ್ದೆ. ಕಣ್ಣು ಅಂದ್ರೆ ಚರ್ಮದ ಅಡಿ ಒಂದು ಚುಕ್ಕೆ ಅಷ್ಟೇ. ವಿಷ ಇಲ್ಲ, ಕಚ್ಚಿ ಕೊಲ್ಲೋದಿಲ್ಲ. ತಾಯಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿಕೊಂಡು ಮರಿ ಆಗೋವರೆಗೆ ಕಾಯ್ತದೆ.”

ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದರು. “ಹಂಗಾದ್ರೆ ಗುದ್ದಲಿ ಹಾಕುವಾಗ ನೋಡ್ಕಂಡು ಹಾಕ್ಬೇಕು” ಎಂದರು. ತೋಟಗಳಲ್ಲಿ ಇವು ಸಾಯುವುದು ಹೆಚ್ಚಾಗಿ ಹಾವೆಂಬ ಭಯದಿಂದ. ನೂರು ಭಿತ್ತಿಪತ್ರ ಹಚ್ಚಿದರೂ ಆಗದ ಕೆಲಸ ಹೀಗೆ ಗುದ್ದಲಿ ಹಿಡಿದ ಕೈಯೊಂದಕ್ಕೆ ಪ್ರಾಣಿಯನ್ನು ಎದುರಿಗೇ ತೋರಿಸಿದರೆ ಆಗುತ್ತದೆ ಎಂದು ನಾನು ನಂಬಿದ್ದೇನೆ.

ತೋಟದಿಂದ ಸೊಪ್ಪಿನ ಬೆಟ್ಟಕ್ಕೆ ಹತ್ತುವಲ್ಲಿ ಒಂದು ಧರೆಯಿದೆ. ಮಣ್ಣು ಜರಿದುಹೋಗಿ ಒಳಗಿನ ಕಲ್ಲು ಹೊರಗೆ ಬಂದ ಜಾಗ. ಅಲ್ಲಿ ನೀರು ಧುಮುಕುವುದಿಲ್ಲ, ಹರಿಯುತ್ತದೆ ಎಂದು ಹೇಳಲೂ ಬರುವುದಿಲ್ಲ. ಮೇಲಿನ ಒರತೆಯಿಂದ ಇಳಿದು ಕಲ್ಲಿನ ಮೈಗೆ ಅಂಟಿಕೊಂಡು ಕೆಳಗೆ ಜಾರುತ್ತದೆ. ಸರ್ಕಾರದ ಯಾವ ಲೆಕ್ಕಕ್ಕೂ ಬಾರದ ನೀರು ಇದು. ಕೆರೆಯಲ್ಲ, ಹಳ್ಳವಲ್ಲ, ಬಾವಿಯಲ್ಲ. ದಿನದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಾವು ನಿಂತದ್ದು ಇದರ ಮುಂದೆ.

ಮೊದಲ ಐದು ನಿಮಿಷ ಕಾಣುವುದು ಪಾಚಿ ಮಾತ್ರ. ಆಮೇಲೆ ಪಾಚಿಯ ಒಂದು ಚೂರು ಸರಿಯುತ್ತದೆ. ಮತ್ತೊಂದು ಸರಿಯುತ್ತದೆ. ಅವು ಇಂಡಿರಾನಾ ಕುಲದ ಕಪ್ಪೆಯ ಗೊದಮೊಟ್ಟೆಗಳು. ಗೊದಮೊಟ್ಟೆಯೆಂದರೆ ಕೆರೆಯಲ್ಲಿ ಈಜುವುದು ಎಂದು ಶಾಲೆಯಲ್ಲಿ ಕಲಿತದ್ದನ್ನು ಇವು ಒಪ್ಪುವುದಿಲ್ಲ. ಉದ್ದನೆಯ ತೆಳ್ಳಗಿನ ಬಾಲ, ತೀರ ಬೇಗ ಮೂಡುವ ಹಿಂಗಾಲು, ಕಲ್ಲಿನ ಪಾಚಿಯನ್ನು ಹೆರೆದು ತಿನ್ನುವ ಬಾಯಿ. ನೆಟ್ಟಗೆ ನಿಂತ ಕಲ್ಲಿನ ಮೇಲೆ, ಮೈ ಮುಳುಗುವಷ್ಟೂ ಇಲ್ಲದ ನೀರಿನಲ್ಲಿ, ಅವು ಮೇಲೆ ಕೆಳಗೆ ಓಡಾಡುತ್ತವೆ. ಹೆದರಿದರೆ ಬಾಲ ಬಡಿದು ಚಿಮ್ಮಿ ಕೆಳಗಿನ ತರಗೆಲೆಯೊಳಗೆ ಮಾಯವಾಗುತ್ತವೆ. ಹೀಗಾಗಿ ನೆರಳು ಬೀಳದ ಕಡೆ ನಿಂತು, ತಲೆ ಮುಂದೆ ಚಾಚದೆ ನೋಡಬೇಕು.

ನೀರಿನ ಪಟ್ಟಿಯಲ್ಲಿ ಆಳವೆಂಬ ಕಾಲಂ ಮಾಡಿಕೊಂಡಿದ್ದವಳು ಪೆನ್ನು ಹಿಡಿದು ನಿಂತುಬಿಟ್ಟಳು. “ಅತ್ತೆ, ಇದಕ್ಕೆ ಆಳ ಅಂತ ಏನು ಬರೆಯೋದು?” ಸ್ಕೇಲು ಅದ್ದುವಷ್ಟೂ ಇರಲಿಲ್ಲ. ಕೊನೆಗೆ ‘ಕಲ್ಲು ಒದ್ದೆಯಾಗಿದೆ, ಹೊಳೆಯುತ್ತದೆ’ ಎಂದು ಬರೆದಳು. ಸರಿಯಾಗಿಯೇ ಬರೆದಳು. ಆ ಹೊಳಪು ಒಂದು ವಾರ ಇಲ್ಲವಾದರೆ ಧರೆಯ ಮೇಲಿನ ಅಷ್ಟೂ ಮರಿಗಳು ಹೋಗುತ್ತವೆ, ಪಕ್ಕದಲ್ಲೇ ಹಳ್ಳ ತುಂಬಿ ಹರಿಯುತ್ತಿದ್ದರೂ ಅದರಿಂದ ಅವಕ್ಕೆ ಉಪಯೋಗವಿಲ್ಲ. ರಸ್ತೆ ಅಗಲ ಮಾಡುವಾಗ ಧರೆಗಳಿಗೆ ಕಾಂಕ್ರೀಟ್ ಗೋಡೆ ಕಟ್ಟುವುದನ್ನು ಘಟ್ಟದುದ್ದಕ್ಕೂ ನೋಡುತ್ತಿದ್ದೇವೆ. ಗೋಡೆಯ ಕೊಳವೆಗಳಿಂದ ನೀರೇನೋ ಹೊರಗೆ ಬೀಳುತ್ತದೆ, ಆದರೆ ಕಲ್ಲಿಗೆ ಅಂಟಿ ಇಳಿಯುವ ನೀರು ಅಲ್ಲಿಗೆ ಮುಗಿಯಿತು. ಇದನ್ನು ನೋಡುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಅವಲಕ್ಕಿ, ಮಜ್ಜಿಗೆ ಮುಗಿಸಿ ಹಳ್ಳಕ್ಕೆ ಇಳಿದೆವು. ಉಂಬಳದ, ಅಂದರೆ ಕಾಡಿನ ಜಿಗಣೆಯ, ವಿಚಾರ ಇಲ್ಲಿ ಹೇಳಬೇಕು. ನಮ್ಮ ಕಡೆ ಹೊಗೆಸೊಪ್ಪು-ಸುಣ್ಣ ಹಚ್ಚಿಕೊಳ್ಳುವುದು ರೂಢಿ, ಪೇಟೆಯಿಂದ ಬರುವವರು ಸೊಳ್ಳೆಯ ಮುಲಾಮು ಬಳಿದುಕೊಂಡು ಬರುತ್ತಾರೆ. ಕಪ್ಪೆಗಳು ಚರ್ಮದಿಂದಲೇ ನೀರು ಹೀರುತ್ತವೆ, ಚರ್ಮದಿಂದಲೇ ಉಸಿರೂ ಆಡುತ್ತವೆ. ನಮ್ಮ ಕೈಯಲ್ಲಿರುವುದೆಲ್ಲ ಮುಟ್ಟಿದ ಕ್ಷಣ ಅವುಗಳ ಮೈಯೊಳಗೆ. ಹಾಗಾಗಿ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದು ಕಟ್ಟಿಕೊಳ್ಳುತ್ತೇವೆ, ಹತ್ತಿದ ಉಂಬಳವನ್ನು ಕಿತ್ತು ಹಾಕುತ್ತೇವೆ, ಕಪ್ಪೆಯನ್ನು ಮುಟ್ಟುವುದೇ ಇಲ್ಲ. ಬೇರೆ ಕಾಡಿನಿಂದ ಬಂದ ಬೂಟುಗಳನ್ನು ತೊಳೆದು ಒಣಗಿಸದೆ ಹಳ್ಳಕ್ಕೆ ಇಳಿಸುವುದಿಲ್ಲ. ಜಗತ್ತಿನ ಹಲವು ಕಡೆ ಕಪ್ಪೆಗಳ ವಂಶವನ್ನೇ ಅಳಿಸಿದ ಕಿಟ್ರಿಡ್ ಶಿಲೀಂಧ್ರ ಕೆಸರಿನ ಜೊತೆ ಪ್ರಯಾಣ ಮಾಡಬಲ್ಲದು.

ಹಳ್ಳದ ಬಂಡೆಗೆ ಕೈ ಊರುವ ಮೊದಲು ನೋಡು ಎಂದು ಹೇಳಿದ್ದೆ. ಅವಳು ನೋಡಿದಳು, ಊರಲಿಲ್ಲ. ಕೈ ಇಡಬೇಕಾಗಿದ್ದ ಜಾಗದಿಂದ ಒಂದು ಮೊಳ ಆಚೆ ಮಲಬಾರ್ ಗುಳಿಮಂಡಲ ಮಲಗಿತ್ತು, ಪಾಚಿಯ ಹಸಿರು, ಕಲ್ಲಿನ ಕಂದು ಎರಡೂ ಮೈಮೇಲೆ. ಒಂದೇ ಜಾತಿಯಲ್ಲಿ ಹಸಿರು, ಹಳದಿ, ಕಂದು, ನೀಲಿ ಛಾಯೆಯವು ಎಲ್ಲ ಇರುತ್ತವೆ. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವಿನ ಗುಳಿಯಿಂದ ಬೆಚ್ಚಗಿನ ಮೈಯನ್ನು ಅದು ಕತ್ತಲಲ್ಲೂ ಗುರುತಿಸುತ್ತದೆ. ಬೇಟೆಗಾಗಿ ಅಲೆಯುವುದಿಲ್ಲ, ಕಪ್ಪೆ-ಇಲಿಗಳು ಓಡಾಡುವ ಕಡೆ ದಿನಗಟ್ಟಲೆ ಒಂದೇ ಭಂಗಿಯಲ್ಲಿ ಕಾಯುತ್ತದೆ. ನಾವು ನಾಲ್ಕು ಹೆಜ್ಜೆ ಹಿಂದೆ ಸರಿದು ಕೂತು ನೋಡಿದೆವು.

ಹಾವು ಕಡಿತದ ಬಗ್ಗೆ ಮೊಂಡು ಧೈರ್ಯ ಬೇಡ. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ಘಟ್ಟದ ಗುಳಿಮಂಡಲಗಳಿಗೆಂದೇ ಮಾಡಿದ ಪ್ರತಿವಿಷ ಇಲ್ಲ. ಕಡಿತವಾದರೆ ಕಟ್ಟು ಬಿಗಿಯದೆ, ಗಾಯ ಕೊಯ್ಯದೆ, ಕಾಲನ್ನು ಅಲುಗಾಡಿಸದೆ ಆಸ್ಪತ್ರೆಗೆ ಹೋಗುವುದೊಂದೇ ದಾರಿ. 2024ರ ಫೆಬ್ರವರಿಯಲ್ಲಿ ಕರ್ನಾಟಕವು ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಯೆಂದು ಘೋಷಿಸಿದ್ದು ಒಳ್ಳೆಯದಾಯಿತು. ತೋಟ-ಗದ್ದೆಗಳಲ್ಲಿ ಕಡಿತಕ್ಕೆ ಸಿಕ್ಕವರು ಇನ್ನಾದರೂ ಲೆಕ್ಕಕ್ಕೆ ಬರುತ್ತಾರೆ.

ಹಳ್ಳದ ಸದ್ದಿನಲ್ಲಿ ನಮ್ಮ ಮಾತೇ ನಮಗೆ ಕೇಳುತ್ತಿರಲಿಲ್ಲ. ಅಲ್ಲಿ ಬದುಕುವ ಪುಟ್ಟ ಕಪ್ಪೆಗೂ ಅದೇ ಕಷ್ಟ. ಮೈಕ್ರಿಕ್ಸಾಲಸ್ ಕುಲದ ಕುಣಿಯುವ ಕಪ್ಪೆಯ ಗಂಡು ಕೂಗಿದ ಮೇಲೆ ಹಿಂಗಾಲೊಂದನ್ನು ಪಕ್ಕಕ್ಕೆ ಚಾಚಿ, ಬೆರಳು ಬಿಡಿಸಿ, ನಡುವಿನ ಬಿಳಿ ಪೊರೆಯನ್ನು ಮಿಂಚಿಸುತ್ತದೆ. ಕೂಗು ಮುಟ್ಟದಿದ್ದರೆ ಕಾಲಾದರೂ ಕಾಣಲಿ ಎಂದು. ಎದುರಾಳಿ ಗಂಡು ಹತ್ತಿರ ಬಂದಷ್ಟೂ ಕಾಲಿನ ಆಟ ಜೋರು. ಮಳೆಯ ಆರ್ಭಟದಲ್ಲಿ ಇದು ಕಾಣಸಿಗದು. ನೀರು ಇಳಿದು ಕಲ್ಲುಗಳು ಬಿಡಿಬಿಡಿಯಾದಾಗ ಶುರುವಾಗುತ್ತದೆ. ಆ ದಿನ ಒಂದೇ ಒಂದು ಗಂಡು, ಒಂದೇ ಕಲ್ಲಿನ ಮೇಲೆ, ತೊಡರುತ್ತ ತೊಡರುತ್ತ ಕಾಲು ಚಾಚಿತು. ಈ ಬಳಗದ ಗೊದಮೊಟ್ಟೆಗಳು ಹಳ್ಳದ ತಳದ ಮರಳಿನೊಳಗೆ ಹುದುಗಿ ಬದುಕುತ್ತವೆ ಎಂಬುದು ವಿಜ್ಞಾನಕ್ಕೆ ತಿಳಿದದ್ದು 2016ರಲ್ಲಿ. ಹಳ್ಳದ ಮರಳು ಬಳಿದೊಯ್ಯುವವರಿಗೆ ತಾವು ಏನನ್ನು ಒಯ್ಯುತ್ತಿದ್ದೇವೆ ಎಂಬುದು ಇನ್ನೂ ತಿಳಿದಿಲ್ಲ.

ಸಂಜೆ ಕತ್ತಲೆಕಾನಿಗೆ ಹೋದೆವು. ಹೊನ್ನಾವರ-ಸಾಗರ ರಸ್ತೆಯ ಪಕ್ಕದಲ್ಲೇ ಇದ್ದರೂ ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಅರಣ್ಯ ಇಲಾಖೆಯ ಅನುಮತಿ ಪಡೆದು, ಅಲ್ಲಿನ ವಾಚರ್ ಒಬ್ಬರನ್ನು ಮುಂದೆ ಮಾಡಿಕೊಂಡು ಹೊರಟೆವು. ಒಳಗಿರುವುದು ರಾಮಪತ್ರೆ ಜಡ್ಡಿ: ವರ್ಷವಿಡೀ ಕೆಸರಾಗಿಯೇ ಇರುವ ತಗ್ಗು, ಅದರಲ್ಲಿ ರಾಮಪತ್ರೆಯ ಬಳಗದ ಮರಗಳು. ಕೆಸರಿನೊಳಗೆ ಗಾಳಿ ಸಿಗದ ಕಾರಣ ಬೇರುಗಳು ಮೊಣಕಾಲು ಮಡಚಿದ ಹಾಗೆ ಮೇಲೆದ್ದು ಉಸಿರಾಡಿ ಮತ್ತೆ ಒಳಗಿಳಿಯುತ್ತವೆ. ಆ ಬೇರುಗಳ ಮೇಲೆ ಕಾಲಿಡಬಾರದು. ಮೇಲಿನ ಹಂದರದಲ್ಲಿ ಸಿಂಗಳೀಕಗಳ ಓಡಾಟ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಅಪರೂಪದ ಮರವನ್ನು 2000ದಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಇಲ್ಲಿಂದಲೇ. ಇಂಥ ಜಡ್ಡಿಗಳು ಘಟ್ಟದಲ್ಲಿ ಹಿಂದೆ ಇನ್ನೂ ಬಹಳ ಇದ್ದವು. ಬೇಸಿಗೆಯಲ್ಲೂ ನೀರಿರುವ ತಗ್ಗು ಎಂಬ ಕಾರಣಕ್ಕೇ ಅನೇಕವು ಗದ್ದೆಯಾದವು, ಅಡಿಕೆ ತೋಟವಾದವು. ನಾನೂ ಅಡಿಕೆ ತೋಟದವಳೇ, ಇದನ್ನು ತಿಳಿದೇ ಹೇಳುತ್ತಿದ್ದೇನೆ.

“ಅಮ್ಮ, ಲೈಟ್ ಆರಿಸಿ. ಸ್ವಲ್ಪ ಹೊತ್ತು ಮಾತು ಬೇಡ” ಎಂದರು ವಾಚರ್.

ಕತ್ತಲಲ್ಲಿ ಕಿವಿ ಬಿಚ್ಚಿಕೊಳ್ಳಲು ಸಮಯ ಹಿಡಿಯುತ್ತದೆ. ಮೊದಲು ಜೀರುಂಡೆ, ಎಲೆಯಿಂದ ತೊಟ್ಟಿಕ್ಕುವ ನೀರು, ಆಮೇಲೆ ಪೊದೆಗಪ್ಪೆಗಳ ಟಿಕ್‌ಟಿಕ್. ಪೊದೆಗಪ್ಪೆಗಳಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯೊಳಗೇ ಬೆಳೆದು ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತವೆ. ಅವಕ್ಕೆ ಕೆರೆ ಬೇಡ, ಹಳ್ಳ ಬೇಡ, ಒದ್ದೆ ಗಾಳಿ ಸಾಕು. ಇವುಗಳನ್ನು ಹುಡುಕುವುದಕ್ಕೆ ಮೂವರು ಮೂರು ಕಡೆ ನಿಲ್ಲಬೇಕು. ಕೂಗು ಬಂದ ದಿಕ್ಕಿಗೆ ಒಬ್ಬೊಬ್ಬರೂ ಕೈ ಚಾಚಿ ಹಿಡಿದು, ಒಂದೇ ಸಲ ಟಾರ್ಚ್ ಹಾಕಿದರೆ ಮೂರು ಬೆಳಕು ಕೂಡುವ ಎಲೆಯ ಮೇಲೆ ಕಪ್ಪೆ ಇರುತ್ತದೆ. ಒಬ್ಬರೇ ಹುಡುಕಿದರೆ ದಿಕ್ಕು ಸಿಗುತ್ತದೆ, ದೂರ ಸಿಗುವುದಿಲ್ಲ. ಎಲೆಯ ಮೇಲೆ ಉಗುರಿನಷ್ಟು ಗಾತ್ರದ ಗಂಡು, ಗಂಟಲು ಉಬ್ಬಿಸಿಕೊಂಡು ಕೂತಿತ್ತು. ಧ್ವನಿಮುದ್ರಿಕೆ ಹಾಕಿ ಕಪ್ಪೆಯನ್ನು ಕರೆಯುವ ಅಭ್ಯಾಸ ಕೆಲವರಿಗಿದೆ. ಇಲ್ಲದ ಎದುರಾಳಿಯೊಂದಿಗೆ ರಾತ್ರಿಯಿಡೀ ಜಗಳವಾಡಿಸಿ ಅದನ್ನು ದಣಿಸುವುದು ನನಗೆ ಸರಿಕಾಣುವುದಿಲ್ಲ.

ಆಮೇಲೆ ಆ ಸದ್ದು ಬಂತು. ಟೊಕ್. ಸ್ವಲ್ಪ ಬಿಟ್ಟು ಮತ್ತೆ ಟೊಕ್, ಟೊಕ್. ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಂತೆ. ಕುಂಬಾರ ಕಪ್ಪೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ನಿಕ್ಟಿಬಾಟ್ರಾಕಸ್ ಕುಂಬಾರ ಎಂದು ಹೆಸರಿಟ್ಟು ವಿವರಿಸಿದ ಕಪ್ಪೆ ಇದು. ನೀರಿನ ಮೇಲೆ ಬಾಗಿದ ಕಡ್ಡಿಗೋ ತೊಗಟೆಗೋ ಹೆಣ್ಣು ಮೊಟ್ಟೆ ಅಂಟಿಸಿ ಹೋದ ಮೇಲೆ ಗಂಡಿನ ಕೆಲಸ ಶುರು. ತೊರೆಯ ತಳದಿಂದ ಮುಂಗೈಯಲ್ಲಿ ಕೆಸರು ಬಾಚಿ, ಹಿಂಗಾಲ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಬಾಚುತ್ತದೆ, ಮತ್ತೆ ಮೆತ್ತುತ್ತದೆ. ಮೊಟ್ಟೆ ಒಣಗದಂತೆ, ಕಳ್ಳರ ಕಣ್ಣಿಗೆ ಬೀಳದಂತೆ ಈ ಲೇಪ ಕಾಯುತ್ತದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಕಪ್ಪೆಯೊಂದು ಹೀಗೆ ಮಾಡುವ ವರದಿ ಅದಕ್ಕೆ ಮೊದಲು ಎಲ್ಲೂ ಇರಲಿಲ್ಲ.

ವಾಚರ್ ಮಂದ ಬೆಳಕಿನ ಟಾರ್ಚನ್ನು ಒಂದು ಕಡ್ಡಿಯ ಕಡೆ ಹಿಡಿದರು. ಕಡ್ಡಿಗೆ ಅಂಟಿದ ಕೆಸರಿನ ಉಂಡೆ, ಒಂದು ಬದಿಯಲ್ಲಿ ಮಣ್ಣು ತೊಳೆದು ಮೊಟ್ಟೆಯೊಂದರ ಹೊಳಪು ಕಾಣುತ್ತಿತ್ತು. ಗಂಡು ಸ್ವಲ್ಪ ಕೆಳಗೆ ನೀರಿನ ಅಂಚಿನಲ್ಲಿ. ವಜ್ರಾಕಾರದ ಕಣ್ಣಪಾಪೆ, ಸುಕ್ಕುಗಟ್ಟಿದ ಕಂದು ಮೈ. ಮಣ್ಣು ಮೆತ್ತುವುದನ್ನು ನಾವು ನೋಡಲಿಲ್ಲ. ನಮ್ಮ ಬೆಳಕಿದ್ದಷ್ಟು ಹೊತ್ತು ಅದು ಕೆಲಸಕ್ಕೆ ಕೈ ಹಾಕುವುದಿಲ್ಲವಾದ್ದರಿಂದ ಬೇಗ ಹೊರಟುಬಿಟ್ಟೆವು. ಅಣ್ಣನ ಮಗಳು ನೀರಿನ ಪಟ್ಟಿಯಲ್ಲಿ ಬರೆದಳು: ಪಾದ ಮುಳುಗುವಷ್ಟು ಆಳ, ನಿಧಾನ ಹರಿವು, ತಳದಲ್ಲಿ ನುಣುಪು ಕೆಸರು. ಕೆಸರು ಎಂಬ ಪದದ ಅಡಿ ಎರಡು ಗೆರೆ ಎಳೆದಳು. ಈ ಕಪ್ಪೆಗೆ ನೀರಷ್ಟೇ ಸಾಲದು, ನೀರಿನ ಅಡಿ ಮೆತ್ತಲು ಬರುವ ಮಣ್ಣೂ ಬೇಕು. ಜಡ್ಡಿಗೆ ಕಾಲುವೆ ತೋಡಿ ನೀರು ಬಸಿದರೆ ಹರಿವು ಜೋರಾಗಿ ಮೊದಲು ಕೊಚ್ಚಿಹೋಗುವುದು ಆ ಮಣ್ಣೇ.

ಅವಳ ಮೊದಲ ಪಟ್ಟಿಯ ನೆತ್ತಿಯಲ್ಲಿದ್ದ ಕಾಳಿಂಗ ಸಿಗಲಿಲ್ಲ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿ ಓಫಿಯೋಫೇಗಸ್ ಕಾಳಿಂಗ ಎಂದು ಹೆಸರಿಟ್ಟಿರುವುದರಿಂದ ಅವಳಿಗೆ ಅದರ ಮೇಲೆ ಆಸೆ. ಬೆಟ್ಟದ ಹಾದಿಯಲ್ಲಿ ಕೇರೆಹಾವಿನ ಪೊರೆಯೊಂದು ಸಿಕ್ಕಿತ್ತು. ಕೇರೆ ಇರುವಲ್ಲಿಗೆ ಅದನ್ನು ತಿನ್ನುವ ಕಾಳಿಂಗ ಬಂದೀತು ಎಂದು ಸಮಾಧಾನ ಹೇಳಿದೆ. ‘ಇಲ್ಲ’ ಎಂಬುದನ್ನೂ ಅವಳು ಹೊತ್ತು, ಉಷ್ಣತೆ, ಮಳೆಯ ವಿವರದೊಂದಿಗೆ ಬರೆದುಕೊಂಡಳು. ನಾಳೆ ಇನ್ನೊಬ್ಬರು ಕೂಡಿಸಿ ನೋಡುವಾಗ ಆ ‘ಇಲ್ಲ’ಕ್ಕೂ ಬೆಲೆ ಬರುತ್ತದೆ.

ಹಿಂದಿರುಗುವಾಗ ರಸ್ತೆಯ ಮೇಲೆ ಮಳೆ ಹಿಡಿದಿತ್ತು. ಚಕ್ರಕ್ಕೆ ಸಿಕ್ಕ ಕಪ್ಪೆಗಳು, ಒಂದು ಹಸಿರುಹಾವು. ಬದುಕಿದ್ದವು ಬೆಳಕಿಗೆ ಕಣ್ಣು ಕುಕ್ಕಿ ನಡುರಸ್ತೆಯಲ್ಲೇ ಕೂತಿದ್ದವು. ಜೀಪು ನಿಲ್ಲಿಸಿ ನಿಲ್ಲಿಸಿ, ಒದ್ದೆ ಎಲೆಯಿಂದ ಪಕ್ಕಕ್ಕೆ ಸರಿಸುತ್ತ ಬಂದೆವು. ಮಳೆಗಾಲದ ರಾತ್ರಿ ಕಾಡಿನ ರಸ್ತೆಯಲ್ಲಿ ನಿಧಾನವಾಗಿ ಹೋಗಿ ಎಂದು ನಾನು ಎಲ್ಲರನ್ನೂ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಊಟಕ್ಕೆ ಕೂತಾಗ ಅಣ್ಣನೊಂದಿಗೆ ಧರೆಯ ಮಾತು ಬಂತು. ಮೇಲಿನ ಒರತೆಗೆ ಪೈಪು ಹಾಕಿ ನೀರನ್ನು ನೇರ ಮನೆಯ ತೊಟ್ಟಿಗೆ ತರುವುದೆಂದು ಅವನು ಬೇಸಿಗೆಯಿಂದ ಲೆಕ್ಕ ಹಾಕುತ್ತಿದ್ದ. ಮಗಳು ನೀರಿನ ಪಟ್ಟಿಯನ್ನು ತಟ್ಟೆಯ ಪಕ್ಕ ಇಟ್ಟು, “ಅಪ್ಪಾ, ಪೈಪನ್ನ ಒರತೆಗೆ ಹಾಕ್ಬೇಡ. ಧರೆಯ ಬುಡದಲ್ಲಿ ಗುಂಡಿ ಮಾಡಿ ಅಲ್ಲಿಂದ ತಗೋ. ಅದೇ ನೀರು ತಾನೆ, ಕಲ್ಲಿನ ಮೇಲೆ ಇಳಿದು ಬರ್ಲಿ” ಎಂದಳು. ಅಲ್ಲಿಂದ ಮನೆಗೆ ಇಳಿಜಾರು ಸಾಲದು, ತೊಟ್ಟಿಯನ್ನು ಕೊಟ್ಟಿಗೆಯ ಕೆಳಗೆ ಇಳಿಸಬೇಕಾಗುತ್ತದೆ ಎಂದು ಅಣ್ಣ ಎಂದ. ಬಹಳ ಹೊತ್ತು ವಾದ ನಡೆಯಿತು. ದೀಪಾವಳಿಗೆ ಮುಂಚೆ ತೊಟ್ಟಿ ಕೊಟ್ಟಿಗೆಯ ಕೆಳಗೆ ಕಟ್ಟಿಸಿದೆವು. ಬಚ್ಚಲಿಗೆ ಮಾತ್ರ ಈಗ ಕೊಡದಲ್ಲಿ ಹೊತ್ತು ತರಬೇಕು.